ಮರ ಕಡಿಯದೆ 290 ಕೋಟಿ ಲೀಟರ್

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸ್ವಂತ ಕಾಡುಳ್ಳ ಎಷ್ಟೋ ಮಂದಿ ಚಳಿಗಾಲ ಮುಗಿಯುವ ಹೊತ್ತಿಗೆ ಗರಗಸ ಬಿಟ್ಟು ಡ್ರಿಲ್ ಹಿಡಿದು ಹೊರಡುತ್ತಾರೆ. ಸಕ್ಕರೆ ಮೇಪಲ್ ಮರದ ಕಾಂಡಕ್ಕೆ ಒಂದು ತೂತು. ಅಗಲ 8 ಮಿಲಿಮೀಟರ್, ಆಳ ನಾಲ್ಕೈದು ಸೆಂಟಿಮೀಟರ್. ತೂತಿಗೊಂದು ಪ್ಲಾಸ್ಟಿಕ್ ಮೂತಿ, ಮೂತಿಗೆ ತೆಳುವಾದ ಪೈಪು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸೊನ್ನೆಗಿಂತ ತುಸು ಮೇಲೆ: ಹೀಗೆ ಹವೆ ಏರಿಳಿದರಷ್ಟೇ ಮರದೊಳಗೆ ಒತ್ತಡ ಹುಟ್ಟಿ ರಸ ತೊಟ್ಟಿಕ್ಕುತ್ತದೆ. ಕೆಲವೇ ವಾರಗಳ ಸುಗ್ಗಿ. ಮೊಗ್ಗೊಡೆಯಿತೋ, ರಸದ ರುಚಿ ಕೆಟ್ಟಿತು.

ಈ ರಸ ಕುಡಿದವರಿಗೆ ನೀರೇ ಅನ್ನಿಸೀತು. ಸಕ್ಕರೆ ಇರುವುದು ಶೇ. 2ರ ಆಸುಪಾಸು. ನಮ್ಮ ಆಲೆಮನೆಯ ಕೊಪ್ಪರಿಗೆಗೆ ಬೀಳುವ ಕಬ್ಬಿನ ಹಾಲಿನಲ್ಲಿ ಇದರ ಆರೇಳು ಪಟ್ಟು ಸಿಹಿ ಇರುತ್ತದೆ. ಅದನ್ನೇ ಇಂಗಿಸುವುದು ಎಷ್ಟು ಕಷ್ಟವೆಂದು ಜೋನಿಬೆಲ್ಲ ಕಾಯಿಸಿದವರಿಗೆ ಗೊತ್ತು. ಇಲ್ಲಿ ರಸ ಕಾಯಿಸಿ ಮಾಡುವ ಮೇಪಲ್ ಸಿರಪ್ಪಿನ ಹದಕ್ಕೆ, ಅಂದರೆ ಶೇ. 66 ಸಕ್ಕರೆಗೆ ಬರಬೇಕಾದರೆ 40 ಲೀಟರ್ ರಸ ಇಂಗಿ ಒಂದು ಲೀಟರಾಗಬೇಕು. ಒಂದು ಮರ ಇಡೀ ಸುಗ್ಗಿಯಲ್ಲಿ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ ರಸ. ಮರಕ್ಕೊಂದು ಬಾಟಲಿ ಅನ್ನಿ. ಈಗ ಒಲೆಗೆ ಏರಿಸುವ ಮೊದಲೇ ಆರ್‌ಓ ಯಂತ್ರದಲ್ಲಿ ಬಹುಪಾಲು ನೀರು ತೆಗೆದುಬಿಡುತ್ತಾರೆ, ಇಲ್ಲದಿದ್ದರೆ ಸೌದೆಗೇ ಕಾಡು ಮುಗಿಯುತ್ತಿತ್ತು.

ಈ ಬಾಟಲಿ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. 2022ರಲ್ಲಿ ಕ್ವಿಬೆಕ್ ಒಂದೇ ತಯಾರಿಸಿದ ಸಿರಪ್ಪು ಸುಮಾರು 9.5 ಕೋಟಿ ಕಿಲೋ. ಲೀಟರಿಗೆ ತಿರುಗಿಸಿ 40ರಿಂದ ಗುಣಿಸಿದರೆ ಮರಗಳಿಂದ ಇಳಿದ ರಸ ಸುಮಾರು 290 ಕೋಟಿ ಲೀಟರ್. 12,000 ಲೀಟರಿನ ನೀರಿನ ಟ್ಯಾಂಕರಿಗೆ ತುಂಬಿಸಿದರೆ 2.4 ಲಕ್ಷ ಟ್ಯಾಂಕರು. ಎಲ್ಲವೂ ಕಿರುಬೆರಳೂ ತೂರದ ತೂತುಗಳಿಂದ ಬಂದದ್ದು! ನಡುನಡುವೆ ಅಳಿಲುಗಳು ಪೈಪು ಕಡಿದು ಚೆಲ್ಲಿಸಿದ್ದು ಬೇರೆ.

ಹವೆ ಕೈಕೊಟ್ಟರೆ ಇದೇ ಬೆಳೆ ನೆಲಕಚ್ಚುತ್ತದೆ: 2021ರಲ್ಲಿ ಸುಮಾರು 6 ಕೋಟಿ ಕಿಲೋ, 2023ರಲ್ಲಿ ಅದಕ್ಕೂ ಕಡಿಮೆ. ಅದಕ್ಕೇ ಉತ್ಪಾದಕರ ಒಕ್ಕೂಟ ಒಳ್ಳೆಯ ವರ್ಷದ ಸಿರಪ್ಪನ್ನು ಪೀಪಾಯಿಗಳಲ್ಲಿ ಕೂಡಿಡುತ್ತದೆ. 2021ರ ಬರಕ್ಕೆ ಈ ದಾಸ್ತಾನಿನಿಂದ 2 ಕೋಟಿ ಕಿಲೋಗೂ ಮಿಕ್ಕಿ ಹೊರತೆಗೆದರು. ಇದೇ ದಾಸ್ತಾನಿಗೆ 2011–12ರಲ್ಲಿ ಕಳ್ಳರೂ ಕೈಹಾಕಿದ್ದರು. ಹೋದದ್ದು 3,000 ಟನ್ನಿನಷ್ಟು, ಬೆಲೆ 1.87 ಕೋಟಿ ಕೆನಡಾ ಡಾಲರ್. ಸಿರಪ್ಪು ಸಾಗಿಸಿ ಪೀಪಾಯಿಗೆ ನೀರು ತುಂಬಿಟ್ಟಿದ್ದರಂತೆ. 20 ಲಕ್ಷಕ್ಕೂ ಹೆಚ್ಚು ಮರಗಳ ಇಡೀ ವರ್ಷದ ಗಳಿಕೆಯನ್ನು ಕದ್ದರು ಅಂದರೆ ಅಳತೆ ಸರಿಯಾಗಿ ತಿಳಿಯುತ್ತದೆ.

ಕಳವಿನ ಲೆಕ್ಕವನ್ನೇ ಹಿಡಿದರೆ ಕಿಲೋಗೆ 6 ಡಾಲರ್ ಚಿಲ್ಲರೆ, ಅಂದರೆ ಮರವೊಂದರಿಂದ ವರ್ಷಕ್ಕೆ 8 ಡಾಲರಿನಷ್ಟು, ಅದೂ ಖರ್ಚು ಕಳೆಯುವ ಮುಂಚೆ. ಚಿಲ್ಲರೆ ಕಾಸೇ. ಆದರೆ ಮರಕ್ಕೆ ಈ ಕೊರೆತದಿಂದ ಹೋಗುವುದು ಅದರ ಸಕ್ಕರೆಯ ಹತ್ತನೇ ಒಂದು ಪಾಲೂ ಅಲ್ಲ. ಮುಂದಿನ ವರ್ಷ ಬೇರೆ ಜಾಗದಲ್ಲಿ ಕೊರೆದರಾಯಿತು, ಹಳೆಯ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ನಲವತ್ತರ ಹರೆಯದಲ್ಲಿ ಮೊದಲ ತೂತು ಕಂಡ ಮರ ಆಮೇಲೆ ನೂರು ವರ್ಷ ರಸ ಕೊಟ್ಟೀತು. ಒಂದೇ ತೊಡಕು: ಒಮ್ಮೆ ಕೊರೆದ ಮರದ ಬುಡದ ದಿಮ್ಮಿಯಲ್ಲಿ ಕಲೆ ಉಳಿಯುತ್ತದೆ, ನಾಟದ ವ್ಯಾಪಾರಿ ಅದಕ್ಕೆ ಪೂರ್ತಿ ಬೆಲೆ ಕಟ್ಟುವುದಿಲ್ಲ. ಮೊದಲ ತೂತಿಗೆ ಮುಂಚೆಯೇ ಕಾಡಿನ ಒಡೆಯ ದಿಮ್ಮಿಯೋ ರಸವೋ ಎಂದು ತೀರ್ಮಾನಿಸಬೇಕು.