ಮರಳಿ ಬಂದೂಕು ಹಿಡಿಯುವ ಮುನ್ನ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯ ಕಂಚಿನ ಪದಕವನ್ನು ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲ ಒಲಿಂಪಿಕ್ ಪದಕವದು. ಗೆದ್ದವರು ನಮಗೆ ದೂರದವರೇನಲ್ಲ. ಕೊಲ್ಲಾಪುರ ಜಿಲ್ಲೆಯ ಕಾಂಬಳವಾಡಿಯವರು. ಅದೇ ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿಯೇ ಮ್ಯೂನಿಕ್ ನಗರದಲ್ಲಿ 50 ಮೀಟರ್ ಮಲಗು ಭಂಗಿಯ ವಿಶ್ವವಿಜೇತೆಯಾಗಿದ್ದರು.

ಈ ಸುದ್ದಿ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಒಂದು ವರ್ಗದವರನ್ನು ವಿಶೇಷವಾಗಿ ಕಲಕಿತು. ಅವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದವರು. ಒಂದು ಕಾಲಕ್ಕೆ 300 ಮೀಟರ್ ದೂರದ ಫಲಕಕ್ಕೆ ಗುಂಡಿಟ್ಟವರು. ಅಂಥವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಒಬ್ಬ. ಐವತ್ತಾರರ ನಿವೃತ್ತ ಹವಾಲ್ದಾರ. ಒಂದು ಸಂಜೆ ಆತ ಮಡಿಸಿದ ಕಾಗದವೊಂದನ್ನು ಹಿಡಿದು ಬಂದ. ಅದರಲ್ಲಿ ಒಂದು ದೊಡ್ಡ ರೈಫಲಿನ ಹೆಸರು, ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪಿನ ಹೆಸರು, ಕೆಳಗೆ ಮೊತ್ತ. ನಿವೃತ್ತಿಯ ಹಣದಲ್ಲಿ ಉಳಿದದ್ದರ ಬಹುಭಾಗ ಅದಕ್ಕೆ ಹೋಗುವಂತಿತ್ತು.

“ಅಣ್ಣಾ, ಮುನ್ನೂರು ಮೀಟರಿಗೆ ಮತ್ತೆ ಹೊಡಿಬೇಕು ಅಂತ ಆಸೆ ಅದ. ಇದು ತಗೊಳ್ಳಲೇನು?” ಎಂದು ಕೇಳಿದ.

ಉತ್ತರಿಸುವ ಅರ್ಹತೆ ನನಗಿದ್ದುದು ಒಂದೇ ಕಾರಣದಿಂದ: ಆ ತಪ್ಪನ್ನು ನಾನು ಅವನಿಗಿಂತ ಮೊದಲೇ ಮಾಡಿ ಮುಗಿಸಿದ್ದೆ. ಹಲವು ವರ್ಷಗಳ ಬಿಡುವಿನ ನಂತರ ಮರಳಿದಾಗ, ನೆನಪಿನಲ್ಲಿದ್ದ ಕಣ್ಣು ಮತ್ತು ಹೆಗಲನ್ನು ನಂಬಿ .315 ಬೋರಿನ ರೈಫಲ್ ಕೊಂಡೆ. ಹೊಡೆಯಲು ಹತ್ತಿರದಲ್ಲಿ ಸ್ಥಳವಿರಲಿಲ್ಲ, ಕಾಡತೂಸು ದುಬಾರಿ. ವರ್ಷಕ್ಕೆ ಇಪ್ಪತ್ತು ಗುಂಡು ಹಾರಿಸಿದ್ದರೆ ಹೆಚ್ಚು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದಾಗ ಮರಳಿ ತರುವುದು, ಇದೇ ಅದರ ಮುಖ್ಯ ಪ್ರಯಾಣವಾಯಿತು.

ಮೊದಲು ಮೈದಾನ

ಆದ್ದರಿಂದ ಮರಳುವವನು ಮೊದಲು ಕೇಳಿಕೊಳ್ಳಬೇಕಾದದ್ದು “ಯಾವ ಬಂದೂಕು?” ಎಂದಲ್ಲ, “ವಾರಕ್ಕೊಮ್ಮೆಯಾದರೂ ನಾನು ಎಲ್ಲಿ ಹೊಡೆಯಬಲ್ಲೆ?” ಎಂದು. 10 ಮೀಟರಿನ ಏರ್ ರೈಫಲ್ ರೇಂಜುಗಳು ಈಗ ಅನೇಕ ಪಟ್ಟಣಗಳಲ್ಲಿವೆ. 50 ಮೀಟರಿನದು ಬೇಕಾದರೆ ಪುಣೆಯ ಬಾಲೇವಾಡಿಯಂಥ ಕ್ರೀಡಾಸಂಕುಲಕ್ಕೆ ಹೋಗಬೇಕು. 300 ಮೀಟರಿನ ರೇಂಜುಗಳು ಹೆಚ್ಚಾಗಿ ಸೇನೆ ಮತ್ತು ಪೊಲೀಸರ ಕೈಯಲ್ಲಿವೆ. ಅನುಮತಿಯಿಲ್ಲದೆ ನಾಗರಿಕನಿಗೆ ಅಲ್ಲಿ ಪ್ರವೇಶವಿಲ್ಲ. ಸ್ವಂತ ಹೊಲವನ್ನೇ ರೇಂಜ್ ಮಾಡಿಕೊಳ್ಳುತ್ತೇನೆ ಎನ್ನುವುದು ಅಪಾಯದ ಮಾತು. ಚಿಕ್ಕದೆನಿಸುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರಿನವರೆಗೆ ಹೋಗಬಲ್ಲದು. ಪಕ್ಕದ ಹೊಲದಲ್ಲಿ ಕಳೆ ತೆಗೆಯುವವರು ಅದಕ್ಕಿಂತ ಹತ್ತಿರದಲ್ಲಿರುತ್ತಾರೆ.

ಕಾನೂನಿನ ಮಾತೂ ಇಲ್ಲಿಯೇ ಬರಬೇಕು. ಸೇನೆಯಲ್ಲಿ ಬಳಸಿದ 7.62 ಮಿ.ಮೀ. ಅಥವಾ .303 ಬೋರಿನ ರೈಫಲನ್ನು ಸಾಮಾನ್ಯ ಪರವಾನಗಿಯ ಮೇಲೆ ಕೊಳ್ಳಲಾಗದು; ಅವು ನಿಷಿದ್ಧ ಬೋರುಗಳು. ಉಳಿಯುವವು .22, ಈಶಾಪುರದ ಕಾರ್ಖಾನೆಯ .315 ಮತ್ತು .30-06 ಬೋರಿನಂಥವು. ಪರವಾನಗಿ ಮೊದಲು, ಬಂದೂಕು ಆಮೇಲೆ. ಸೊಲ್ಲಾಪುರ ನಗರದವರು ಪೊಲೀಸ್ ಆಯುಕ್ತರಿಗೆ, ಗ್ರಾಮೀಣ ಭಾಗದವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹೀಗಿರುವಾಗ ಆ ಎರಡರಲ್ಲಿ ಒಂದನ್ನು ಹವ್ಯಾಸಕ್ಕೆ ಒಗ್ಗದ ರೈಫಲಿಗೆ ಕೊಡುವುದು ಜಾಣತನವಲ್ಲ. 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ರೈಫಲಿಗೆ ಮಾತ್ರ ಪರವಾನಗಿ ಬೇಕಿಲ್ಲ.

.22 ಎಂದರೆ ಮಕ್ಕಳಾಟವಲ್ಲ

“ಇಪ್ಪತ್ತೆರಡು ಅಂದ್ರ ಹುಡುಗರದಲ್ಲೇನು?” ಎಂದ ನನ್ನ ತಮ್ಮ. ಕುಸಾಳೆಯವರು ಪದಕ ಗೆದ್ದದ್ದು ಆ ಕಾಡತೂಸಿನಿಂದಲೇ. 50 ಮೀಟರಿನ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಸಾಧಾರಣ ಅಡ್ಡಗಾಳಿಯೇ ಗುಂಡನ್ನು ಅದರಿಂದ ಹೊರಗೆ ತಳ್ಳಬಲ್ಲದು. ದೂರ ಹೆಚ್ಚಿದಂತೆ ಈ ಮಂದಗತಿಯ ಗುಂಡು ಇನ್ನೂ ಕಠಿಣ ಗುರುವಾಗುತ್ತದೆ. 50 ಮೀಟರಿಗೆ ಹೊಂದಿಸಿದ ರೈಫಲು 100 ಮೀಟರಿನಲ್ಲಿ ಸುಮಾರು ಒಂದು ಗೇಣು ಕೆಳಗೆ ಹೊಡೆಯುತ್ತದೆ. 200 ಮೀಟರಿನಲ್ಲಿ ಒಂದೂವರೆ ಮೀಟರಿಗೂ ಮಿಕ್ಕಿ. ದೊಡ್ಡ ರೈಫಲು ಅದಕ್ಕಿಂತ ಬಹು ದೂರದಲ್ಲಿ ಕಲಿಸುವ ಗಾಳಿಯ ಪಾಠವನ್ನೂ ಇಳಿತದ ಪಾಠವನ್ನೂ .22 ಹತ್ತಿರದಲ್ಲಿಯೇ ಕಲಿಸುತ್ತದೆ. ಅದೂ ಹೆಗಲಿಗೆ ಹೊಡೆತವಿಲ್ಲದೆ, ಕಡಿಮೆ ಖರ್ಚಿನಲ್ಲಿ.

ಕೊಳ್ಳುವಾಗ ನೋಡಬೇಕಾದವು ಮೂರು. ಮೊದಲನೆಯದು ಅಳತೆ: ಮಲಗಿ ಹಿಡಿದಾಗ ಕತ್ತು ಚಾಚದೆ, ಕೆನ್ನೆ ಒತ್ತದೆ, ಕಣ್ಣು ತಾನಾಗಿ ನೋಟದ ಗೆರೆಗೆ ಬರಬೇಕು. ಕೆನ್ನೆಯಿಡುವ ಭಾಗವನ್ನು ಏರಿಸಿ ಇಳಿಸಬಹುದಾದರೆ ಉತ್ತಮ. ಎರಡನೆಯದು ಟ್ರಿಗರ್: ಎಳೆತ ಹಗುರಾಗಿರುವುದಕ್ಕಿಂತ ಪ್ರತಿ ಸಲವೂ ಒಂದೇ ತೆರನಾಗಿರುವುದು ಮುಖ್ಯ. ಮೂರನೆಯದು ನಳಿಕೆ ಮತ್ತು ಕಾಡತೂಸಿನ ಹೊಂದಾಣಿಕೆ: ಪ್ರತಿ .22 ನಳಿಕೆಗೂ ತನ್ನದೇ ರುಚಿಯಿದೆ. ನಾಲ್ಕಾರು ಬಗೆಯ ಕಾಡತೂಸುಗಳನ್ನು ತಂದು, ಆಧಾರವಿಟ್ಟು, ಐದೈದು ಗುಂಡಿನ ಗುಂಪುಗಳನ್ನು ಹೊಡೆದು ನೋಡಬೇಕು. ಒಗ್ಗಿದ ಬಗೆಯನ್ನೇ, ಸಾಧ್ಯವಾದರೆ ಒಂದೇ ತಯಾರಿಕಾ ಕಂತಿನದನ್ನೇ, ಹೆಚ್ಚು ಕೊಂಡಿಡಬೇಕು.

ಸ್ಕೋಪು ಬೇಕೆ?

ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಿ, ಅದು 10 ಮೀಟರಿರಲಿ, 50 ಅಥವಾ 300 ಮೀಟರಿರಲಿ, ಸ್ಕೋಪಿಗೆ ಅವಕಾಶವೇ ಇಲ್ಲ. ಕಣ್ಣಿನ ಬಳಿ ಸಣ್ಣ ರಂಧ್ರ, ನಳಿಕೆಯ ತುದಿಯಲ್ಲಿ ಉಂಗುರ, ಆಚೆಗೆ ಗುರಿಯ ಕಪ್ಪು ವೃತ್ತ. ಸ್ಪರ್ಧೆಯೇ ಉದ್ದೇಶವಾಗಿದ್ದರೆ ಸ್ಕೋಪಿನ ಹಣ ಉಳಿಯಿತೆಂದು ತಿಳಿದು ಅದನ್ನು ಕಾಡತೂಸಿಗೆ ಹಾಕುವುದೇ ಸರಿ.

ಆದರೆ ಸ್ವಂತ ಸಂತೋಷಕ್ಕಾಗಿ, ಕಾಗದದ ಮೇಲೆ ಚಿಕ್ಕ ಗುಂಪು ಮೂಡಿಸಲು ಹೊಡೆಯುವ ಹಿರಿಯನಿಗೆ ಸ್ಕೋಪು ನಿಜವಾದ ಉಪಕಾರ ಮಾಡುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ ನೋಟ ಮಸುಕಾಗತೊಡಗುತ್ತದೆ. ನಳಿಕೆಯ ತುದಿಯೂ ದೂರದ ಗುರಿಯೂ ಒಂದೇ ನೋಟಕ್ಕೆ ಸ್ಪಷ್ಟವಾಗುವುದಿಲ್ಲ. ಸ್ಕೋಪು ಗುರಿಯನ್ನೂ ಗುರಿಗೆರೆಯನ್ನೂ ಒಂದೇ ತಲದಲ್ಲಿ ನಿಲ್ಲಿಸುತ್ತದೆ.

ಹೆಚ್ಚು ಪಟ್ಟು ಹಿಗ್ಗಿಸಿದಷ್ಟೂ ಒಳ್ಳೆಯದೆಂಬುದು ಭ್ರಮೆ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 50 ಮಿ.ಮೀ. ಗಾಜಿನಲ್ಲಿ ಹತ್ತು ಪಟ್ಟು ನೋಡಿದರೆ 5 ಮಿ.ಮೀ.; ಇಪ್ಪತ್ತೈದು ಪಟ್ಟು ನೋಡಿದರೆ 2 ಮಿ.ಮೀ. ಮಾತ್ರ. ನೋಟ ಮಂಕಾಗುತ್ತದೆ, ತಲೆ ತುಸು ಸರಿದರೂ ಚಿತ್ರ ಮಾಯವಾಗುತ್ತದೆ. ಅದಲ್ಲದೆ ನಮ್ಮ ಸೀಮೆಯ ಬಿಸಿಲು! ಏಪ್ರಿಲ್, ಮೇ ತಿಂಗಳ 40 ಡಿಗ್ರಿಯ ಝಳದಲ್ಲಿ ನೆಲದಿಂದೇಳುವ ಬಿಸಿಲ್ಗುದುರೆಯನ್ನೂ ಸ್ಕೋಪು ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಫಲಕ ನೀರಿನೊಳಗಿದ್ದಂತೆ ಕುಣಿಯುತ್ತದೆ. ವರ್ಧನೆ ಇಳಿಸಿ, ಮುಂಜಾನೆಯೇ ಹೊಡೆದು ಮುಗಿಸುವುದು ಇದಕ್ಕೆ ಮದ್ದು. 100 ಮೀಟರಿನವರೆಗಿನ .22ಕ್ಕೆ ಹತ್ತು ಹನ್ನೆರಡು ಪಟ್ಟು ಸಾಕು.

ಇನ್ನು ಅಳತೆಯ ಭಾಷೆ. ಕೆಲವು ಸ್ಕೋಪುಗಳು ಕೋನದ ಮಿನಿಟಿನಲ್ಲಿ ಎಣಿಸುತ್ತವೆ; ಒಂದು ಮಿನಿಟ್ ಎಂದರೆ 100 ಮೀಟರಿನಲ್ಲಿ 2.9 ಸೆಂ.ಮೀ. ಕೆಲವು ಮಿಲ್‌ನಲ್ಲಿ; ಒಂದು ಮಿಲ್ ಎಂದರೆ ಅದೇ ದೂರದಲ್ಲಿ 10 ಸೆಂ.ಮೀ. ಮೀಟರಿನ ಲೆಕ್ಕಕ್ಕೆ ಒಗ್ಗಿದ ನಮಗೆ ಮಿಲ್ ಸುಲಭ. ಎರಡರಲ್ಲಿ ಯಾವುದಾದರೂ ಸರಿಯೇ, ಆದರೆ ಒಳಗಿನ ಗೆರೆಗಳೂ ಹೊರಗಿನ ತಿರುಗುಗುಂಡಿಗಳೂ ಒಂದೇ ಅಳತೆಯಲ್ಲಿರಬೇಕು. ಕಣ್ಣು ಸರಿದಾಗ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷವನ್ನು ದೂರಕ್ಕೆ ತಕ್ಕಂತೆ ಸರಿಪಡಿಸುವ ವ್ಯವಸ್ಥೆಯೂ ಇರಬೇಕು. 50 ಮೀಟರಿನಲ್ಲಿ ಇದು ಮುಖ್ಯ.

ತಂದ ಸ್ಕೋಪನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ. ಒಂದೇ ಬಿಂದುವಿಗೆ ಗುರಿಯಿಟ್ಟು ಒಂದು ಗುಂಡು ಹಾರಿಸಿ. ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತ ಒಂದೊಂದು ಹೊಡೆಯಿರಿ. ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಗುಂಡು ಮೊದಲ ಗುಂಡಿನ ಬಳಿಯೇ ಬೀಳಬೇಕು. ಬೀಳದಿದ್ದರೆ ಆ ಸ್ಕೋಪನ್ನು ನಂಬಬೇಡಿ. ಒದೆಯುವ ರೈಫಲಿಗೆ ಸ್ಕೋಪು ಹಾಕುವವರು ಕಣ್ಣಿಗೂ ಗಾಜಿಗೂ ನಡುವೆ ಒಂಬತ್ತು ಸೆಂ.ಮೀ.ನಷ್ಟಾದರೂ ಅಂತರವಿರುವುದನ್ನೇ ಆರಿಸಬೇಕು. ನನ್ನ ಬಲ ಹುಬ್ಬಿನ ಮೇಲೆ ಇಂದಿಗೂ ಇರುವ ಬಾಗಿದ ಗಾಯದ ಗೆರೆ ಈ ಮಾತಿಗೆ ಸಾಕ್ಷಿ.

ಕಣ್ಣಿನಿಂದ ಆರಂಭ

ತಮ್ಮನಿಗೆ ನಾನು ಕೊಟ್ಟ ಸಲಹೆ ಸರಳವಾಗಿತ್ತು: ಅಂಗಡಿಗೆ ಹೋಗುವ ಮೊದಲು ಕಣ್ಣಿನ ವೈದ್ಯರ ಬಳಿ ಹೋಗು. ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಗುರಿಯಿಡುವ ಬಲಗಣ್ಣಿನಲ್ಲಿಯೇ ಪೊರೆ ಬೆಳೆದಿತ್ತು. “ಫಲಕ ಮಬ್ಬು ಕಾಣ್ತಿದ್ದದ್ದಕ್ಕೇ ದೊಡ್ಡ ದುರ್ಬೀನು ಬೇಕು ಅನ್ಕೊಂಡಿದ್ದೆ, ಅಣ್ಣಾ” ಎಂದು ಆಮೇಲೆ ಒಪ್ಪಿಕೊಂಡ. ಇಪ್ಪತ್ತನಾಲ್ಕು ಪಟ್ಟಿನ ಸ್ಕೋಪನ್ನು ಕೊಂಡಿದ್ದರೆ ಆ ಮಬ್ಬನ್ನೇ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತಿದ್ದ. ಹಣವೂ ಹೋಗುತ್ತಿತ್ತು, ತನ್ನ ಕೈ ಕೆಟ್ಟಿತೆಂಬ ಕೊರಗೂ ಉಳಿಯುತ್ತಿತ್ತು.

ಶಸ್ತ್ರಚಿಕಿತ್ಸೆ ಮುಗಿದು, ವೈದ್ಯರು ಒಪ್ಪಿದ ಮೇಲೆ, 10 ಮೀಟರ್ ರೇಂಜಿನಲ್ಲಿ ಬಾಡಿಗೆಯ ಏರ್ ರೈಫಲಿನಿಂದ ಆತ ಆರಂಭಿಸಿದ್ದಾನೆ. ಪಕ್ಕದ ಸಾಲಿನಲ್ಲಿ ಹನ್ನೆರಡು ವರ್ಷದ ಹುಡುಗಿಯರು ನಿಲ್ಲುತ್ತಾರೆ; ಅವರು ತನಗಿಂತ ಚೆನ್ನಾಗಿ ಹೊಡೆಯುವುದನ್ನು ನಗುತ್ತಲೇ ಹೇಳುತ್ತಾನೆ. .22ರ ಪರವಾನಗಿಗೆ ಅರ್ಜಿ ಹೋಗಿದೆ. ಮನೆಯಲ್ಲಿ ಮೊಮ್ಮಕ್ಕಳಿರುವುದರಿಂದ ಬಂದೂಕಿಗೆ ಒಂದು, ಕಾಡತೂಸಿಗೆ ಇನ್ನೊಂದು, ಹೀಗೆ ಬೇರೆ ಬೇರೆ ಬೀಗದ ಎರಡು ಪೆಟ್ಟಿಗೆಗಳನ್ನು ಈಗಲೇ ಮಾಡಿಸಿಟ್ಟಿದ್ದಾನೆ. ಅಂದು ತಂದಿದ್ದ ಕಾಗದ ಇನ್ನೂ ಅವನ ಬಳಿಯಿದೆ. ಅದರ ಬೆನ್ನಮೇಲೆ ಈಗ ಪ್ರತಿ ಭಾನುವಾರದ ಅಂಕಗಳನ್ನು ಬರೆದಿಡುತ್ತಾನೆ.