ಕಡತದ ವಿನ್ಯಾಸವೂ ಬರಹದ ವೇಗವೂ

ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಹಿಂದೆ ಕಡತವೆಂದು ಹೆಸರು. ಗಣಕಯಂತ್ರದ ಫೈಲಿಗೂ ಇಂದು ಅದೇ ಹೆಸರು ಸಂದಿದೆ. ಡಿಸ್ಕಿನ ಮೇಲೆ ಯಾವುದನ್ನು ಎಲ್ಲಿ, ಯಾವ ಅನುಕ್ರಮದಲ್ಲಿ ಬರೆಯಬೇಕೆಂದು ಗೊತ್ತುಪಡಿಸುವುದು ಕಡತ ವ್ಯವಸ್ಥೆ. ಬರಹದ ವೇಗವು ಡಿಸ್ಕಿನ ಶಕ್ತಿಯನ್ನಷ್ಟೇ ಅಲ್ಲ, ಈ ವ್ಯವಸ್ಥೆಯನ್ನೂ ಅವಲಂಬಿಸಿದೆ.

ತಿರುಗುವ ಡಿಸ್ಕಿನಲ್ಲಿ ಬರೆಯುವ ಹೆಡ್ಡು ಮೊದಲು ತಕ್ಕ ಪಥಕ್ಕೆ ಸರಿಯಬೇಕು. ಬಳಿಕ ಬೇಕಾದ ಜಾಗ ತನ್ನಡಿಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೂ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಆದುದರಿಂದ ಅಲ್ಲೊಂದು ಇಲ್ಲೊಂದು ಬರೆಯುತ್ತ ಹೋದರೆ ಸೆಕೆಂಡಿಗೆ ನೂರು ಬರಹವಾಗುವುದೂ ಕಷ್ಟ. ಒಂದೊಂದೂ 4 ಕಿಲೋಬೈಟಿನದೆಂದರೆ ಒಟ್ಟು 400 ಕಿಲೋಬೈಟು. ಅದೇ ಡಿಸ್ಕು ಎಡೆಬಿಡದೆ ಬರೆದಾಗ 100 ಮೆಗಾಬೈಟನ್ನು ಮೀರುವುದುಂಟು. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಳೆ ಹರಿಯದಿದ್ದರೆ ರಾಟೆ ಓಡುತ್ತದೆ. ಹರಿದಾಗಲೆಲ್ಲ ತುದಿ ಹುಡುಕಿ ಕೂಡಿಸುವುದರಲ್ಲೇ ಹೊತ್ತು ಹೋಗುತ್ತದೆ.

1984ರಲ್ಲಿ ಅಮೆರಿಕದ ಬರ್ಕ್ಲಿಯ ಮೆಕ್‌ಕ್ಯೂಸಿಕ್ ಮತ್ತು ಸಂಗಡಿಗರು ದೊಡ್ಡ ತುಂಡುಗಳಲ್ಲಿ, ಸಂಬಂಧಪಟ್ಟವು ನೆರೆನೆರೆಯಲ್ಲೇ ಇರುವಂತೆ ಬರೆಯುವ ಏರ್ಪಾಡನ್ನು ಪ್ರಕಟಿಸಿದರು. ವೇಗವು ಹತ್ತು ಪಟ್ಟಿನವರೆಗೆ ಹೆಚ್ಚಿತು. 1991ರಲ್ಲಿ ಅಲ್ಲಿಯವರೇ ಆದ ರೋಸೆನ್‌ಬ್ಲಮ್, ಔಸ್ಟರ್‌ಹೌಟ್ ಇನ್ನೂ ಮುಂದೆ ಹೋಗಿ, ಅಂಗಡಿಯ ಕಿರ್ದಿಯಂತೆ ಎಲ್ಲವನ್ನೂ ಬಂದ ಕ್ರಮದಲ್ಲೇ ಬರೆಯುವ ವಿಧಾನವನ್ನು ಮಂಡಿಸಿದರು. ಹಳೆಯ ವ್ಯವಸ್ಥೆ ಡಿಸ್ಕಿನ ಶಕ್ತಿಯಲ್ಲಿ ಶೇಕಡಾ 5ರಿಂದ 10ರಷ್ಟನ್ನು ಹೊಸ ಬರಹಕ್ಕೆ ಬಳಸುತ್ತಿದ್ದರೆ, ಇದು 65ರಿಂದ 75ರಷ್ಟನ್ನು ಬಳಸಿತು. ಆದರೆ ರದ್ದಾದ ಬರಹವನ್ನು ಆಗಾಗ ಗುಡಿಸಿ ಸ್ಥಳ ಮಾಡುವ ಕೆಲಸ ಹೊಸದಾಗಿ ಮೈಮೇಲೆ ಬಂತು.

ವೇಗವೊಂದೇ ಸಾಲದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ಮೊದಲೇ ಗೌರಿಬಿದನೂರು, ಚಿಂತಾಮಣಿ ತಾಲ್ಲೂಕುಗಳ ಪಹಣಿಗಳು ‘ಭೂಮಿ’ ಯೋಜನೆಯಿಂದ ಗಣಕಕ್ಕೇರಿದ್ದವು. ಖಾತೆ ಬದಲಾವಣೆಯ ನಡುವೆ ವಿದ್ಯುತ್ತು ಹೋಗಿ, ಹಳೆಯ ಹೆಸರು ಅಳಿದು ಹೊಸದು ಏರದೆ ಉಳಿದರೆ ರೈತನ ಗತಿಯೇನು? ಇಂಥದ್ದನ್ನು ತಡೆಯಲೆಂದೇ ದತ್ತಸಂಚಯಗಳು ಮಾಡಬೇಕಾದುದನ್ನು ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಖಾತೆಗೆ ಏರಿಸುತ್ತವೆ. 2001ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್ಟ್3 ತನ್ನ ಕಡತಪಟ್ಟಿಯ ರಕ್ಷಣೆಗೆ ಇದೇ ಉಪಾಯವನ್ನು ಹಿಡಿಯಿತು. ಎಲ್ಲವನ್ನೂ ಎರಡೆರಡು ಬಾರಿ ಬರೆದರೆ ವೇಗ ಕುಗ್ಗುತ್ತದೆಂದು ಅದು ಸಾಮಾನ್ಯವಾಗಿ ಪಟ್ಟಿಯ ವಿವರವನ್ನಷ್ಟೇ ಕಿರ್ದಿಗೆ ಹಾಕುತ್ತದೆ. ಜಮೀನಿನ ದಾಖಲೆಯ ಮಟ್ಟಿಗೆ ತುಸು ನಿಧಾನವೇ ಲೇಸು.

ಈಚಿನ ಫ್ಲ್ಯಾಶ್ ಡಿಸ್ಕಿಗೆ ತಿರುಗುವ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಆದರೂ ಹಳೆಯ ಕಡತದಲ್ಲಿ ಒಂದು ಸಾಲನ್ನು ಒರೆಸಿ ಅಲ್ಲೇ ತಿದ್ದಬಹುದಾಗಿದ್ದಂತೆ ಇದರಲ್ಲಿ ತಿದ್ದಲಾಗದು. ಇಡೀ ಮಡಿಕೆಯನ್ನೇ ಒರೆಸಬೇಕು. ಆದುದರಿಂದ ಅದರ ಒಳಗೂ ಕಿರ್ದಿಯ ಕ್ರಮವೇ ನಡೆದಿದೆ.