ನಿಮಗಿದು ಗೊತ್ತೇ? ಹೃದ್ರೋಗಿಯ ಟೆನ್ಷನ್‌ಗೂ ಚಿಕಿತ್ಸೆ ಇದೆ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರ ಕೈಗೆ ಮಾತ್ರೆ ಚೀಟಿ ಕೊಡುತ್ತಾರೆ. ಉಪ್ಪು ಕಡಿಮೆ ಮಾಡಿ, ಕರಿದದ್ದು ಬಿಡಿ, ದಿನಾ ನಡೆಯಿರಿ ಅನ್ನುತ್ತಾರೆ. ಕೊನೆಗೆ ಡಾಕ್ಟರಿಂದ ಹಿಡಿದು ನೋಡಲು ಬಂದ ನೆಂಟರವರೆಗೆ ಎಲ್ಲರೂ ಸೇರಿಸುವ ಮಾತು: ‘ಟೆನ್ಷನ್ ಮಾಡ್ಕೋಬೇಡಿ.’ ಮಾಡಿಕೊಳ್ಳದೆ ಇರುವುದು ಹೇಗೆ ಅಂತ ಕೂತು ಹೇಳಿಕೊಡುವವರು ಮಾತ್ರ ಸಿಗುವುದಿಲ್ಲ. ಅದನ್ನು ಕಲಿಸಬಹುದು, ಕಲಿತವರಿಗೆ ಲಾಭವೂ ಆಗಿದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

◆ ಮೊದಲ ಬಾರಿ ಹೃದಯಾಘಾತವಾದ ಸುಮಾರು 15,000 ಜನರನ್ನು 52 ದೇಶಗಳಲ್ಲಿ ಗುರುತಿಸಿ, ಹೆಚ್ಚುಕಮ್ಮಿ ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ ನೋಡಿದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಹೊರಬಂತು. ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳ ಸಾಲಿನಲ್ಲೇ ಮಾನಸಿಕ ಒತ್ತಡವೂ ಬಂದು ನಿಂತಿತು. ಒಟ್ಟು ಅಪಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಮನೆ ಜಂಜಾಟ, ಕೆಲಸದ ಒತ್ತಡ, ಹಣದ ಚಿಂತೆ, ಖಿನ್ನತೆಗಳಿಗೆ ಸೇರಿದ್ದು. ಇದರ ಮುಂದಾಳು ಡಾ. ಸಲೀಂ ಯೂಸುಫ್ ಕೇರಳದಲ್ಲಿ ಹುಟ್ಟಿದವರು, ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

◆ 1994ರ ಜನವರಿ 17, ಬೆಳಗಿನ ಜಾವ 4.31. ಅಮೆರಿಕದ ಲಾಸ್ ಏಂಜಲಿಸ್ ಬಳಿಯ ನಾರ್ತ್‌ರಿಜ್‌ನಲ್ಲಿ ಭೂಮಿ ನಡುಗಿತು. ಲಾಸ್ ಏಂಜಲಿಸ್ ಜಿಲ್ಲೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕೈದು ಇದ್ದ ಹಠಾತ್ ಹೃದಯ ಸಾವುಗಳು ಅಂದು ಒಂದೇ ದಿನ 24ಕ್ಕೆ ಏರಿದವು.

◆ ಭೂಕಂಪವೇ ಆಗಬೇಕೆಂದಿಲ್ಲ. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಮೊದಲೇ ಹೃದ್ರೋಗ ಇದ್ದವರಿಗೆ ಹೊಡೆತ ಇನ್ನೂ ಜೋರಾಗಿತ್ತು. ಬೈಪಾಸ್ ಆದ ಹಿರಿಯರು ಕ್ರಿಕೆಟ್‌ನ ಕೊನೆಯ ಓವರ್ ನೋಡಲು ಕೂತಾಗ ಪಕ್ಕದಲ್ಲಿ ಮನೆಯವರೊಬ್ಬರು ಇರಲಿ.

◆ ಟೆನ್ಷನ್ ಆದಾಗ ಒಳಗೆ ನಡೆಯುವುದೇನು? ಅಡ್ರಿನಲಿನ್ ನುಗ್ಗುತ್ತದೆ, ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಇಷ್ಟು ಎಲ್ಲರಿಗೂ ಆಗುತ್ತದೆ. ಹೃದ್ರೋಗಿಗೆ ಇನ್ನೊಂದು ತೊಂದರೆ ಇದೆ. ಆರೋಗ್ಯವಾದ ರಕ್ತನಾಳ ಇಂಥ ಹೊತ್ತಿನಲ್ಲಿ ಅಗಲವಾಗಿ ಹೆಚ್ಚು ರಕ್ತ ಬಿಡುತ್ತದೆ. ಕೊಬ್ಬು ಕಟ್ಟಿದ ನಾಳ ಅಗಲವಾಗುವ ಬದಲು ಬಿಗಿದುಕೊಳ್ಳಬಹುದು. ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲೇ ಸಿಗುವುದು ಕಡಿಮೆಯಾಗುತ್ತದೆ.

◆ ಇದನ್ನು ಕಣ್ಣಾರೆ ನೋಡಿದವರೂ ಇದ್ದಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದವರು ಕಾಯಿಲೆ ಹತೋಟಿಯಲ್ಲಿದ್ದ ಹೃದ್ರೋಗಿಗಳನ್ನು ಕೂರಿಸಿ, ಮನಸ್ಸಿಗೆ ಕಸಿವಿಸಿಯಾಗುವ ಒಂದು ಸನ್ನಿವೇಶ ಕೊಟ್ಟರು. ಯೋಚಿಸಲು ಎರಡು ನಿಮಿಷ, ಕ್ಯಾಮೆರಾ ಮತ್ತು ಅಪರಿಚಿತರ ಮುಂದೆ ಮಾತಾಡಲು ಮೂರು ನಿಮಿಷ. ಅಷ್ಟೇ. ಸ್ಕ್ಯಾನ್ ಮಾಡಿದರೆ ಕೆಲವರ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬಂದಿತ್ತು. ಇಂಥ ಎರಡು ಅಧ್ಯಯನಗಳ 918 ರೋಗಿಗಳ ವಿವರ 2021ರಲ್ಲಿ ಒಟ್ಟಾಗಿ ಪ್ರಕಟವಾಯಿತು: ಶೇ 16ರಷ್ಟು ಜನರಿಗೆ ಹೀಗಾಗಿತ್ತು, ಮುಂದಿನ ವರ್ಷಗಳಲ್ಲಿ ಹೃದಯಾಘಾತ ಅಥವಾ ಸಾವು ಕಂಡದ್ದೂ ಇವರಲ್ಲೇ ಹೆಚ್ಚು. ಇವರಲ್ಲಿ ಎಷ್ಟೋ ಜನರಿಗೆ ಟ್ರೆಡ್‌ಮಿಲ್ ಮಾದರಿಯ ಮಾಮೂಲಿ ಪರೀಕ್ಷೆಯಲ್ಲಿ ಈ ತೊಂದರೆ ಕಂಡೇ ಇರಲಿಲ್ಲ.

◆ ನೀವು ನುಂಗುವ ಬೀಟಾ ಬ್ಲಾಕರ್ ಮಾತ್ರೆಯ ಹಿಂದೆ ಒಬ್ಬ ಮಗನ ದುಃಖವಿದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲಾಕ್ ಅವರ ತಂದೆ ಕಾರು ಅಪಘಾತದ ಆಘಾತದ ಬೆನ್ನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅಡ್ರಿನಲಿನ್ ಹೊಡೆತ ಹೃದಯಕ್ಕೆ ತಾಗದಂತೆ ತಡೆಯಬಹುದೇ ಎಂದು ಹುಡುಕುತ್ತಾ ಹೋದ ಬ್ಲಾಕ್, 1960ರ ದಶಕದಲ್ಲಿ ಪ್ರೊಪ್ರನಲಾಲ್ ಕೊಟ್ಟರು. 1988ರಲ್ಲಿ ನೊಬೆಲ್ ಬಂತು. ಈ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹಠಾತ್ತಾಗಿ ಬಿಟ್ಟರೆ ಹೃದಯ ಕೆರಳುತ್ತದೆ.

◆ ಹೃದಯಾಘಾತವಾದ ಸುಮಾರು ಐವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಕಾಡುತ್ತದೆ. ಸುಮಾರು ಎಂಟರಲ್ಲಿ ಒಬ್ಬರಿಗೆ ಆ ದಿನದ ಭಯ ಮತ್ತೆ ಮತ್ತೆ ಮರಳುತ್ತದೆ. ಮನೆಯಲ್ಲಿ ಇದು ಹೀಗೆ ಕಾಣುತ್ತದೆ: ರಾತ್ರಿ ಎರಡು ಗಂಟೆಗೆ ಎದ್ದು ಕೂತು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸುವುದು. ಬಚ್ಚಲಿನ ಚಿಲಕ ಹಾಕಲು ಹೆದರುವುದು. ಮೊಮ್ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುವುದು. ಹೆಂಡತಿ ಕೇಳಿದರೆ ‘ಏನಿಲ್ಲ ಕಣೇ, ಸ್ವಲ್ಪ ಗ್ಯಾಸು’ ಅನ್ನುವುದು. ಗಂಡಸರಂತೂ ಇದನ್ನು ಬಾಯಿಬಿಟ್ಟು ಹೇಳುವುದೇ ಅಪರೂಪ. ಕೇಳದೆ ಹೇಳುವುದಿಲ್ಲ, ಆದ್ದರಿಂದ ನೀವೇ ಕೇಳಿ. ಡಾಕ್ಟರಿಗೂ ಹೇಳಿ: ಖಿನ್ನತೆ ಇದ್ದವರು ಮಾತ್ರೆ ತಪ್ಪಿಸುವುದು, ನಡಿಗೆ ನಿಲ್ಲಿಸುವುದು ಹೆಚ್ಚು. ಹೃದಯಾಘಾತದ ನಂತರದ ಖಿನ್ನತೆಯನ್ನು ಅಪಾಯಕಾರಿ ಅಂಶವೆಂದು ಪರಿಗಣಿಸಬೇಕು ಎಂದು ಅಮೆರಿಕದ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ.

◆ ತೀವ್ರ ದುಃಖದಲ್ಲಿ ಹೃದಯ ಕೆಲಕಾಲ ಆಕಾರವನ್ನೇ ಬದಲಿಸಬಲ್ಲದು. ಎಡ ಹೃತ್ಕುಕ್ಷಿಯ ತುದಿ ಗಡಿಗೆಯಂತೆ ಉಬ್ಬುವ ಈ ‘ಟಾಕೊಟ್ಸುಬೊ’ ತೊಂದರೆಯನ್ನು 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದರು. ಬರುವುದು ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಿಗೆ. ಲಕ್ಷಣ ಥೇಟ್ ಹೃದಯಾಘಾತದ್ದೇ. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೂ ಆ ಹೊತ್ತಿನಲ್ಲಿ ಆಸ್ಪತ್ರೆ ಬೇಕೇ ಬೇಕು. ‘ಅಮ್ಮನಿಗೆ ಟೆನ್ಷನ್ ಅಷ್ಟೇ’ ಎಂದು ಮನೆಯಲ್ಲಿ ಮಲಗಿಸುವುದು ದೊಡ್ಡ ತಪ್ಪು.

◆ ಸ್ವೀಡನ್ನಿನ ಉಪ್ಸಾಲಾದಲ್ಲಿ 362 ಹೃದ್ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಒಂದು ವರ್ಷ ಗುಂಪಿನಲ್ಲಿ ಪಾಠ ನಡೆಯಿತು. ತಲಾ ಎರಡು ಗಂಟೆಯ 20 ಬೈಠಕ್. ಸಿಟ್ಟು ಎಲ್ಲಿ ಹುಟ್ಟುತ್ತದೆ, ಅವಸರ ಯಾಕೆ, ಸಾಲಿನಲ್ಲಿ ನಿಂತಾಗ ಮೈಯಲ್ಲಿ ಏನಾಗುತ್ತದೆ ಎಂದು ಗಮನಿಸಿ ಬದಲಿಸಿಕೊಳ್ಳುವ ಅಭ್ಯಾಸ. ಸುಮಾರು ಎಂಟು ವರ್ಷದ ಲೆಕ್ಕ 2011ರಲ್ಲಿ ಬಂತು: ಪಾಠ ಕಲಿತವರಲ್ಲಿ ಮರು ಹೃದಯಾಘಾತ ಶೇ 45ರಷ್ಟು ಕಡಿಮೆ! ಇಂಥ ಒಂದು ಔಷಧಿ ಬಂದಿದ್ದರೆ ಪ್ರತಿ ಚೀಟಿಯಲ್ಲೂ ಅದರ ಹೆಸರಿರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

◆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲೂ (2016) ವ್ಯಾಯಾಮ ತರಬೇತಿಯ ಜೊತೆ 12 ವಾರ ಒತ್ತಡ ನಿಭಾಯಿಸುವುದನ್ನು ಕಲಿತವರಲ್ಲಿ ಶೇ 18 ಜನರಿಗೆ ಮುಂದೆ ತೊಂದರೆಯಾಯಿತು. ಬರೀ ವ್ಯಾಯಾಮದವರಲ್ಲಿ ಶೇ 33. ಅಲ್ಲಿದ್ದವರು 151 ಜನ ಮಾತ್ರ, ಅದನ್ನೂ ನೆನಪಿಡಿ. ಸುಮಾರು 2,500 ಜನರ ಮೇಲೆ ನಡೆದ ಸಮಾಲೋಚನೆಯ ‘ಎನ್‌ರಿಚ್ಡ್’ ಪ್ರಯೋಗದಲ್ಲಿ (2003) ಖಿನ್ನತೆ ತಗ್ಗಿತು, ಆದರೆ ಸಾವು ಮತ್ತು ಮರು ಆಘಾತ ತಗ್ಗಲಿಲ್ಲ. ಎಲ್ಲ ಬಗೆಯ ಸಮಾಲೋಚನೆಯೂ ಒಂದೇ ಫಲ ಕೊಡುವುದಿಲ್ಲ.

◆ ಯೋಗ? ಭಾರತದ 24 ಕೇಂದ್ರಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ‘ಯೋಗ ಕೇರ್’ ಪ್ರಯೋಗ ನಡೆಯಿತು. ಫಲಿತಾಂಶ 2020ರಲ್ಲಿ ಬಂತು. ಸಾವು, ಮರು ಆಘಾತ ಸ್ಪಷ್ಟವಾಗಿ ಕಡಿಮೆಯಾಯಿತು ಎನ್ನುವಂತಿರಲಿಲ್ಲ. ಆದರೆ ಯೋಗ ಮಾಡಿದವರು ತಾವು ಚೆನ್ನಾಗಿದ್ದೇವೆ ಎಂದರು, ಹಳೆಯ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಹೆದರಿ ಮೂಲೆ ಹಿಡಿದ ಮನುಷ್ಯ ಮತ್ತೆ ಗದ್ದೆಗೋ ಅಂಗಡಿಗೋ ಹೋಗುವುದು ಸಣ್ಣ ಲಾಭವಲ್ಲ. ಯೋಗ ಮಾಡುತ್ತೇನೆಂದು ಮಾತ್ರೆ ಬಿಡುವವರು ಮಾತ್ರ ಈ ಪ್ರಯೋಗವನ್ನು ಸಾಕ್ಷಿಗೆ ಕರೆಯುವಂತಿಲ್ಲ.

◆ ಇಟಲಿಯ ಸಂಶೋಧಕರು 2001ರಲ್ಲಿ ಜನರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಬಿಪಿ ಕಾಯುವ ನರಗಳ ಸ್ಪಂದನ ಸುಧಾರಿಸಿತು. ಹಾಗೆ ನಿಧಾನವಾಗಿ ಉಸಿರಾಡುವುದು ಸುಲಭ: ಬೆನ್ನಿಗೆ ಆಸರೆ ಕೊಟ್ಟು ಕೂರಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಕಟ್ಟಿ ಹಿಡಿಯಬೇಡಿ. ತಲೆ ಹಗುರವಾದಂತೆ ಅನ್ನಿಸಿದರೆ ನಿಲ್ಲಿಸಿ.

◆ ಸುದ್ದಿಯೂ ಎದೆಗೆ ಭಾರವಾಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೂ, 2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತ ಸಾವುಗಳ ಸುದ್ದಿ ಹರಡಿದಾಗಲೂ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ತಪಾಸಣೆ ಬೇಕು. ಆದರೆ ಈಗಾಗಲೇ ಸ್ಟೆಂಟ್ ಇರುವವರ ಮೊಬೈಲಿಗೆ ಅಂಥ ಸುದ್ದಿಯ ವಿಡಿಯೊಗಳನ್ನು ದಿನವಿಡೀ ಕಳಿಸುವುದನ್ನು ಮನೆಯ ಮಕ್ಕಳಾದರೂ ನಿಲ್ಲಿಸಬೇಕು.

◆ ಮನಸ್ಸಿನ ಭಾರ ಹೇಳಿಕೊಳ್ಳಲು 14416 ಇದೆ. ‘ಟೆಲಿ ಮಾನಸ್’ ಸಹಾಯವಾಣಿ ಶುರುವಾದದ್ದು 2022ರ ಅಕ್ಟೋಬರ್ 10ರಂದು, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದೆ ಬಿಗಿದು, ಬೆವರಿ, ನೋವು ಕೈಗೋ ದವಡೆಗೋ ಹರಡಿದರೆ ಮಾತ್ರ ಆ ನಂಬರಿಗೆ ಕರೆ ಮಾಡಬೇಡಿ. ಆಗ 108 ಆಂಬುಲೆನ್ಸ್.